ಕಮಳಾಬಾಯಿಯ ಸೊಂಟಕ್ಕೆ ಕಟ್ಟಿದ ಡಬ್ಬಿ

ಡಾಕ್ಟರರ ಮುಂದೆ ಕೂತಾಗ ಸರಿಯಾಗಿ ಬಡಿಯುವ ಎದೆ, ಹೊಲದಲ್ಲಿ ತಪ್ಪಬಹುದು. ಇಷ್ಟು ತಿಳಿಯಲು ದೊಡ್ಡ ಓದು ಬೇಕಿಲ್ಲ. ಆದರೂ ಮೋರಖಂಡಿಯ ಕೂಲಿಕಾರ್ತಿ ಕಮಳಾಬಾಯಿ ೧೯೮೪ರ ಸುಗ್ಗಿಯಲ್ಲಿ ಮೂರು ಸಲ ತಲೆತಿರುಗಿ ಬಿದ್ದರೂ, ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೂಲಿಗೆ ಆಳು ಕರೆಯುವ ಮುಕಾದಮ ಏಕನಾಥನಿಗೆ ಮಾತ್ರ ರೋಗ ಸಿಕ್ಕೇಬಿಟ್ಟಿತು: "ಸೋಗು ಹಾಕ್ತಾಳ. ನಾಳಿಂದ ಕೆಲಸಕ್ಕ ಬರಬ್ಯಾಡ."

ಹುಮನಾಬಾದಿನ ಡಾಕ್ಟರರೊಬ್ಬರು ಹೈದರಾಬಾದಿನಿಂದ ಒಂದು ಡಬ್ಬಿ ತರಿಸಿದರು. ಸಣ್ಣ ರೇಡಿಯೋದಷ್ಟಿತ್ತು, ಒಳಗೆ ಕ್ಯಾಸೆಟ್. ಎದೆಗೆ ವೈರು ಅಂಟಿಸಿ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿದರು. ಇಡೀ ದಿನದ ಬಡಿತ ಟೇಪಿನಲ್ಲಿ ದಾಖಲಾಗುತ್ತದೆ. ದಿನದ ಕೆಲಸ ಮಾಡಲಿ, ಯಾವ ಹೊತ್ತಿಗೆ ಏನಾಯಿತೆಂದು ಬರೆದಿಡಿ ಎಂದರು.

ಅತ್ತೆ ಸರುಬಾಯಿ ಕೇಳಬೇಕಲ್ಲ! "ಮಷೀನ್ ಕಟ್ಟ್ಯಾರಂದ್ರ ಸಣ್ಣ ಬ್ಯಾನಿ ಏನ?" ಎಂದು ಸೊಸೆಯನ್ನು ಬಾಣಂತಿಯಂತೆ ಕೂಡಿಸಿದಳು. ತಲೆಗೆ ಬಟ್ಟೆ, ಮೈಮೇಲೆ ಕೌದಿ, ಉಣ್ಣಲು ಬಿಸಿ ಸಜ್ಜಕ. ನೆರೆಮನೆಯ ಶಹಜಾದಿ ಬಾಗಿಲಲ್ಲೇ ನಕ್ಕಳು: "ಯವ್ವಾ ಕಮಳಾ, ಈ ಸಲ ಡಬ್ಬಿನೇ ಹಡದೀ ಏನ?"

ಗಂಡ ಮಚ್ಚೇಂದ್ರ ಚೀಟಿಯಲ್ಲಿ ಬೆಳಗಿನಿಂದ ಸಂಜೆತನಕ ಒಂದೇ ಮಾತು ಬರೆದ: ಕೂತಾಳ.

ಟೇಪಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಏಕನಾಥ ಊರೆಲ್ಲ ಹೇಳಿಕೊಂಡು ತಿರುಗಿದ: "ಮಷೀನೂ ನನ್ನ ಮಾತೇ ಹೇಳ್ತದ, ನೋಡ್ರಿ."

ಕಮಳಾಬಾಯಿ ಒಬ್ಬಳೇ ಬಸ್ಸು ಹತ್ತಿ ಹುಮನಾಬಾದಿಗೆ ಹೋದಳು.

"ನಾ ಕೌದ್ಯಾಗ ಎಂದೂ ಬಿದ್ದಿಲ್ರಿ ಸಾಹೇಬ್ರ. ಬಿದ್ದದ್ದು ಹೊಲದಾಗ. ಇನ್ನೊಮ್ಮೆ ಕಟ್ರಿ."

"ಮತ್ತ ಬಿದ್ರ?"

"ಹ್ಯಾಂಗೂ ಬೀಳಾಕತ್ತೇನಲ್ರಿ. ಈ ಸಲ ಬರಸಿಟ್ಟು ಬೀಳ್ತೀನಿ."

ಡಾಕ್ಟರರು ಮತ್ತೆ ಡಬ್ಬಿ ಕಟ್ಟಿ ಕಳಿಸಿದರು. ಏಕನಾಥ ಕೆಲಸ ಕೊಡಲಿಲ್ಲ. ಶಹಜಾದಿ ತನ್ನ ಹೊಲಕ್ಕೆ ಕರೆದಳು. ಜೋಳದ ಸೂಡು ಹೊತ್ತು ಏಳನೆಯ ಸಲ ಕಣಕ್ಕೆ ಹೊರಟಾಗ ಕಮಳಾಬಾಯಿಯ ಮೊಣಕಾಲು ಕುಸಿಯಿತು. ಶಹಜಾದಿ ಓಡಿಬಂದು ಹಿಡಿದಳು. ಜೊತೆಗೆ ಬಂದಿದ್ದ ಮಚ್ಚೇಂದ್ರ ಕೈಗಡಿಯಾರ ನೋಡಿ ಬರೆದ: ಹನ್ನೊಂದು ಇಪ್ಪತ್ತು. ಸೂಡು ಹೊತ್ತಾಳ. ಬಿದ್ದಾಳ.

ಟೇಪು ಓದಿದರೆ, ಹನ್ನೊಂದು ಇಪ್ಪತ್ತಕ್ಕೆ ಐದು ಸೆಕೆಂಡು ಎದೆ ಬಡಿದೇ ಇರಲಿಲ್ಲ. ಹೈದರಾಬಾದಿನಲ್ಲಿ ಅವಳ ಚರ್ಮದ ಕೆಳಗೆ, ಬಡಿತ ನಿಲ್ಲದಂತೆ ನೋಡಿಕೊಳ್ಳುವ ಪುಟ್ಟ ಯಂತ್ರ ಕೂಡಿಸಿದರು. ಮುಂದಿನ ಸುಗ್ಗಿಗೆ ಏಕನಾಥನೇ ಮನೆಗೆ ಬಂದು ಕರೆದ. ತಪ್ಪಾಯಿತು ಎನ್ನಲಿಲ್ಲ. ಹಾಗೆಂದ ಮುಕಾದಮನನ್ನು ನಾನಿನ್ನೂ ಕಂಡಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಅಂಥ ಡಬ್ಬಿ ಕಟ್ಟಿದರೆ, ಪ್ರೀತಿಯ ಹೆಸರಿನಲ್ಲಿ ಕಟ್ಟಿಹಾಕಬೇಡಿ. ಡಾಕ್ಟರರು ಹೇಳಿದಂತೆ ದಿನದ ಕೆಲಸಕ್ಕೆ ಬಿಡಿ. ಜೊತೆಗೆ ನೀವೂ ಹೋಗಿ, ಪಕ್ಕದಲ್ಲೇ ನಿಲ್ಲಿ, ಕಂಡದ್ದನ್ನು ಕಂಡಹಾಗೆ ಬರೆಯಿರಿ.