ಸಲೋಮಿ ಬರೆಯದ ವಚನ

ನನ್ನ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತನಾಲ್ಕು ವರ್ಷ ಗಣಿತ ಪಾಠ ಮಾಡಿ, ಕಂಡವರ ಮಕ್ಕಳ ತಪ್ಪಿಗೆಲ್ಲ ಕೆಂಪು ಶಾಯಿ ಸುರಿದವಳು ನಾನು. ನನ್ನ ತಪ್ಪು ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ಚಾಮರಾಜಪೇಟೆಯ ಒಂದು ಚರ್ಚಿನಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಕೆಟ್ಟದ್ದಕ್ಕೆ ಕಾರಣ ಅಯ್ಯಂಗಾರರ ಮನೆಯ ಈ ಆಂಡಾಳ್. ಆದರೆ ಇದು ನನ್ನ ಕಥೆಯಲ್ಲ, ಸಲೋಮಿಯದು.

ಸಲೋಮಿ ನಮ್ಮ ಎದುರು ಮನೆಯವಳು. ಅದಕ್ಕೂ ಮೊದಲು ನನ್ನ ವಿದ್ಯಾರ್ಥಿನಿ. ಲೆಕ್ಕದಲ್ಲಿ ಸೊನ್ನೆ, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಉತ್ತರ ತಪ್ಪಿದ್ದರೂ ಅವಳ ಪುಸ್ತಕದ ಮೇಲೆ ಗೆರೆ ಎಳೆಯಲು ನನಗೆ ಕೈ ಬರುತ್ತಿರಲಿಲ್ಲ. ಆ ಅಕ್ಷರವೇ ಮುಂದೆ ಅವಳಿಗೆ ಅನ್ನ ಕೊಟ್ಟಿತು. ತರಗುಪೇಟೆಯ ಕಡೆ ಹೋಗುವ ದಾರಿಯಲ್ಲಿರುವ ಒಂದು ಪಾತ್ರೆ ಅಂಗಡಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಜನ ಉಡುಗೊರೆಗೆಂದು ಕೊಂಡ ಸ್ಟೀಲ್ ಪಾತ್ರೆಗಳ ಮೇಲೆ ಪುಟ್ಟ ಮಿಷನ್ ಹಿಡಿದು ಹೆಸರು ಕೊರೆದುಕೊಡುತ್ತಾಳೆ. ಮದುವೆ, ಗೃಹಪ್ರವೇಶ, ಎಲ್ಲಕ್ಕಿಂತ ಹೆಚ್ಚಾಗಿ ನಾಮಕರಣ. ಇಪ್ಪತ್ತು ವರ್ಷದಲ್ಲಿ ಅವಳು ಎಷ್ಟು ಮಕ್ಕಳ ಹೆಸರು ಬರೆದಿದ್ದಾಳೋ ಅವಳಿಗೇ ಗೊತ್ತಿಲ್ಲ. ಗಂಡ ಪ್ರಭುಕುಮಾರ್ ಕಲಾಸಿಪಾಳ್ಯದ ಒಂದು ಬಸ್ ಬುಕಿಂಗ್ ಆಫೀಸಿನಲ್ಲಿದ್ದಾನೆ. ದಿನವಿಡೀ ಅಲ್ಲಿ ಊರಿನ ಹೆಸರುಗಳನ್ನು ಕೂಗಿ ಕೂಗಿ, ಮನೆಗೆ ಬಂದಮೇಲೆ ಬಾಯಿಯೇ ಬಿಡುವುದಿಲ್ಲ. ಒಳ್ಳೆಯವನು.

ಅವರಿಗೆ ಮಕ್ಕಳಿರಲಿಲ್ಲ. ಹತ್ತು ವರ್ಷ ಡಾಕ್ಟರು, ಇಂಜೆಕ್ಷನ್ನು, ಮಾತ್ರೆ ಎಲ್ಲ ಆಯಿತು. ಕೊನೆಗೆ ದತ್ತು ತೆಗೆದುಕೊಳ್ಳೋಣವೆಂದು ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿದರು. ಅರ್ಜಿಯಲ್ಲಿ ಎರಡು ವರ್ಷದೊಳಗಿನ ಕೂಸು ಎಂದು ಬರೆದರು. ಮನೆಗೆ ಬಂದು ವಿಚಾರಣೆ ಮಾಡಿದ ಹೆಣ್ಣುಮಗಳು ನನ್ನನ್ನೂ ಕೇಳಿ ಹೋದಳು. ಆಮೇಲೆ ಶುರುವಾಯಿತು ನೋಡಿ ಕಾಯುವುದು. ಪ್ರತಿ ಸೋಮವಾರ ಸಲೋಮಿ ಫೋನಿನಲ್ಲಿ ತಮ್ಮ ಸರದಿ ಎಷ್ಟಕ್ಕೆ ಬಂತೆಂದು ನೋಡುವುದು, ಅದು ಬಸವನಹುಳುವಿನ ಹಾಗೆ ಒಂದಿಷ್ಟು ಸರಿದಿರುವುದು. ಹೀಗೆ ಮೂರು ವರ್ಷ ಕಳೆಯಿತು. ಗಂಡಹೆಂಡಿರ ವಯಸ್ಸು ಕೂಡಿಸಿ ಒಂದು ಮಿತಿ ದಾಟಿದರೆ ಹಸುಗೂಸು ಕೊಡುವುದಿಲ್ಲವಂತೆ. ಆ ಮಿತಿಗೆ ಇನ್ನೊಂದೇ ವರ್ಷ ಉಳಿದಿತ್ತು. ಆ ಕೂಡುವ ಲೆಕ್ಕವನ್ನು ಮಾತ್ರ ಅವಳು ಎಂದೂ ತಪ್ಪು ಮಾಡಲಿಲ್ಲ.

ನಾನು ಬಾಯಿ ಬಿಗಿ ಹಿಡಿಯುವವಳಲ್ಲ. ಒಂದು ದಿನ ಕೇಳಿಯೇಬಿಟ್ಟೆ, "ಏನೇ, ನಿಮ್ಮ ದೇವರಿಗೆ ಕಿವಿ ಮಂದಾನೇನೇ?"

"ಇಲ್ಲ ಮಿಸ್, ಕೇಳಿಸ್ಕೊಂಡಿದಾರೆ. ನೀವು ಪರೀಕ್ಷೆ ಪೇಪರ್ ತಿದ್ದೋಕೆ ಮನೆಗೆ ತಗೊಂಡ್ ಹೋದ್ರೆ ನಾವು ಕಾಯ್ತಿರ್ಲಿಲ್ವಾ?"

"ನಾನು ಒಂದೇ ವಾರದಲ್ಲಿ ಕೊಡ್ತಿದ್ದೆ."

"ಹ್ಞೂ, ಅದಕ್ಕೇ ಟೋಟಲ್ ತಪ್ಪಿರ್ತಿತ್ತು," ಎಂದು ನಕ್ಕಳು.

ತಾಳಿದವನು ಬಾಳಿಯಾನು ಎಂದು ಹೇಳುವವರು ಯಾವುದಕ್ಕೂ ಕಾದವರಲ್ಲ ಎಂಬುದು ನನ್ನ ಅಭಿಪ್ರಾಯ. ಸಲೋಮಿ ಕಾಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಕೀರ್ತನೆ ಹಾಡುತ್ತಾ ಕೆಲಸ ಮಾಡುತ್ತಾಳೆ. ಕೆಲವು ದಿನ ಹಾಡು ಅರ್ಧಕ್ಕೇ ನಿಂತುಬಿಡುತ್ತಿತ್ತು. ಅಂಥ ದಿನ ನಾನು ಒಂದು ಬಟ್ಟಲು ಪುಳಿಯೋಗರೆ ಗೊಜ್ಜು ಹಿಡಿದು ಆಚೆ ಮನೆಗೆ ಹೋಗುತ್ತಿದ್ದೆ. ಒಮ್ಮೆ ಸಿಂಕಿನ ಮುಂದೆ ನಿಂತು, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. "ನಂಬಿಕೆ ಇದೆ ಮಿಸ್," ಎಂದಳು. "ಆದ್ರೆ ಸುಸ್ತಾಗತ್ತೆ." ನಾನು ನಲ್ಲಿ ನಿಲ್ಲಿಸಿ, ನೀರು ಪೋಲು ಮಾಡಬೇಡ ಎಂದು ಗದರಿ ಬಂದೆ. ಮನೆಗೆ ಬಂದು ನಾನೂ ಅತ್ತೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅವರ ಚರ್ಚಿನಲ್ಲಿ ಹೊಸ ವರ್ಷದ ಬೆಳಿಗ್ಗೆ ಒಂದು ಪದ್ಧತಿ. ಬೈಬಲಿನ ಒಂದೊಂದು ವಚನ ಬರೆದ ಪುಟ್ಟ ಕಾರ್ಡುಗಳನ್ನು ತಟ್ಟೆಯಲ್ಲಿ ಬೋರಲು ಹಾಕಿ ಎಲ್ಲರ ಮುಂದೆ ಹಿಡಿಯುತ್ತಾರೆ. ಕಣ್ಣು ಮುಚ್ಚಿ ಒಂದು ತೆಗೆದುಕೊಳ್ಳಬೇಕು. ಬಂದದ್ದು ಆ ವರ್ಷಕ್ಕೆ ದೇವರು ತನಗೆ ಕೊಟ್ಟ ವಾಗ್ದಾನ ಎಂದು ನಂಬಿ ಕೆಲವರು ಫ್ರಿಜ್ಜಿಗೆ ಅಂಟಿಸುತ್ತಾರೆ, ಕೆಲವರು ಪರ್ಸಿನಲ್ಲಿಡುತ್ತಾರೆ. ಆ ಕಾರ್ಡುಗಳನ್ನು ಪ್ರತಿ ಡಿಸೆಂಬರಿನಲ್ಲಿ ಕೈಯಾರೆ ಬರೆಯುವವಳು ಸಲೋಮಿ. ಇನ್ನೂರ ನಲವತ್ತು ಕಾರ್ಡು.

ಒಂದು ಸಂಜೆ ಅವಳು ಬರೆಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದೆ. ವಚನಗಳ ಪಟ್ಟಿಯಲ್ಲಿ ಒಂದನ್ನು ಬಿಟ್ಟು ಮುಂದೆ ಹೋದಳು. ಏನೆಂದು ನೋಡಿದರೆ, ಮಕ್ಕಳಿಲ್ಲದವಳನ್ನು ದೇವರು ಸಂತೋಷದ ತಾಯಿಯಾಗಿ ಮಾಡುತ್ತಾನೆ ಎಂಬರ್ಥದ ಮಾತು.

"ಇದನ್ಯಾಕೆ ಬಿಟ್ಟೆ?"

"ಪ್ರತಿ ವರ್ಷಾನೂ ಬಿಡ್ತೀನಿ ಮಿಸ್. ಬೇರೆಯವರಿಗೆ ಬಂದ್ರೆ ಹೊಟ್ಟೆಕಿಚ್ಚಾಗತ್ತೆ. ನನಗೇ ಬಂದ್ರೆ, ನಾನೇ ಬರ್ಕೊಂಡಂಗಾಗತ್ತೆ."

ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಅವಳೇ ಬರೆಯಬಾರದು, ಸರಿ. ಬೇರೆ ಯಾರಾದರೂ ಬರೆದರೆ? ಮರುದಿನ ಅವಳು ಅಂಗಡಿಗೆ ಹೋದಮೇಲೆ, ನನ್ನ ಹತ್ತಿರ ಬಿಟ್ಟು ಹೋದ ಕೀ ತೆಗೆದುಕೊಂಡು ಒಳಗೆ ಹೋದೆ. ಡಬ್ಬಿ ಮೇಜಿನ ಮೇಲೇ ಇತ್ತು. ಉಳಿದ ಖಾಲಿ ಕಾರ್ಡುಗಳೂ ಇದ್ದವು. ಒಂದು ಬರೆದು ಹಾಕಿದೆ. ಆಮೇಲೆ ನನ್ನೊಳಗಿನ ಗಣಿತದ ಮೇಷ್ಟರಮ್ಮ ಎದ್ದು ಕೂತಳು. ಇನ್ನೂರ ನಲವತ್ತೊಂದರಲ್ಲಿ ಒಂದು ಅವಳ ಕೈಗೆ ಸಿಗುವುದು ಯಾವ ಸೀಮೆಯ ಸಂಭವ? ಇಪ್ಪತ್ತು ಹಾಕಿದರೆ ಹದಿಮೂರಕ್ಕೆ ಒಂದಾಗುತ್ತದೆ, ಪರವಾಗಿಲ್ಲ. ಕೂತು ಇನ್ನೂ ಹತ್ತೊಂಬತ್ತು ಬರೆದೆ, ಚೆನ್ನಾಗಿ ಕಲೆಸಿದೆ, ಬೀಗ ಹಾಕಿ ಬಂದೆ. ಆ ದಿನ ನನಗಾದ ಹೆಮ್ಮೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೊಸ ವರ್ಷದ ಬೆಳಿಗ್ಗೆ ನಾನೂ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ತಟ್ಟೆ ಬಂತು. ಸಲೋಮಿ ಕಣ್ಣು ಮುಚ್ಚಿ ಒಂದು ಕಾರ್ಡು ತೆಗೆದಳು, ಓದಿದಳು, ಪರ್ಸಿನಲ್ಲಿಟ್ಟಳು. ಮುಖ ನೋಡಿಯೇ ಗೊತ್ತಾಯಿತು, ನನ್ನದಲ್ಲ. ತಟ್ಟೆ ಎಲ್ಲರನ್ನೂ ಸುತ್ತಿ ಮುಗಿದಮೇಲೆ ಹಿರಿಯರು ಎದ್ದು ತಮಗೆ ಬಂದ ವಚನವನ್ನು ಗಟ್ಟಿಯಾಗಿ ಓದುವುದು ರೂಢಿ. ಮೊದಲು ಎದ್ದವರು ದೇವದಾನಪ್ಪ. ಎಪ್ಪತ್ತೆಂಟು ವರ್ಷದ ವಿಧುರರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುವವರು. ಕನ್ನಡಕ ಸರಿಮಾಡಿಕೊಂಡು, ತಾವು ಮಕ್ಕಳ ಸಂತೋಷದ ತಾಯಿಯಾಗುವ ವಚನವನ್ನು ಓದಿದರು. ಜನ ಕಿಸಕ್ಕೆಂದರು. ಎರಡನೆಯವರು ಎದ್ದರು, ಅದೇ ವಚನ. ಮೂರನೆಯವರು ದಪ್ಪ ಮೀಸೆಯ ಕ್ವಾಯರ್ ಮಾಸ್ಟರು, ಅವರಿಗೂ ಅದೇ, ನನ್ನ ಯಾವ ಲೆಕ್ಕಕ್ಕೂ ಸಿಗದ ಸಂಭವ. ಕೊನೆಗೆ ಅಯ್ಯನವರು, ಅಂದರೆ ಅವರ ಪಾದ್ರಿಗಳು, ತಮ್ಮ ಕಾರ್ಡು ನೋಡಿ ಓದಲೋ ಬೇಡವೋ ಎಂದು ನಿಂತರು. ಇಡೀ ಚರ್ಚು ಹೊಟ್ಟೆ ಹಿಡಿದು ನಕ್ಕಿತು.

ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಎಲ್ಲರ ತಲೆಯೂ ಸಲೋಮಿಯ ಕಡೆ ತಿರುಗಿತ್ತು. ಅವಳು ಪಕ್ಕದವರ ಕೈಯಲ್ಲಿದ್ದ ಕಾರ್ಡು ಇಸಿದುಕೊಂಡು ನೋಡಿದಳು. ಕರಿಹಲಗೆಯ ಮೇಲೆ ಐದು ವರ್ಷ ನೋಡಿದ ನನ್ನ ಅಕ್ಷರ ಅವಳಿಗೆ ಗೊತ್ತಾಗುವುದಿಲ್ಲವೇ? ಹಿಂದೆ ತಿರುಗಿ ನನ್ನನ್ನು ನೋಡಿದಳು. ಎದ್ದು ಹೊರಗೆ ಹೋದಳು, ಪ್ರಭುಕುಮಾರ್ ಹಿಂದೆ ಹೋದ. ಮಾಡಿದ್ದುಣ್ಣೋ ಮಹಾರಾಯ ಎಂದು ನಾನೊಬ್ಬಳೇ ಮನೆಗೆ ನಡೆದೆ.

ಎರಡು ದಿನ ಅವಳು ನನ್ನ ಹತ್ತಿರ ಕೀ ಕೊಡಲಿಲ್ಲ. ಮೂರನೆಯ ದಿನ ಸಂಜೆ ಬಾಲ್ಕನಿಯಿಂದ ಕೂಗಿದಳು, "ಮಿಸ್, ದೇವದಾನಪ್ಪ ತಾತ ಬಂದಿದಾರೆ. ನಿಮ್ಮಿಂದಾನೇ ಬಂದಿದಾರೆ, ಬಂದು ನೀವೇ ಕಾಫಿ ಮಾಡ್ಕೊಡಿ." ಹೋದೆ. ಅಡುಗೆಮನೆಯಲ್ಲಿ ಅವಳ ಪಕ್ಕ ನಿಂತು, ಇಪ್ಪತ್ತು ಕಾರ್ಡಿನ ನನ್ನ ಲೆಕ್ಕವನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಆ ಒಂದು ಮಾತು ಹೇಳುವುದು ನನಗೆ ಎಷ್ಟು ಕಷ್ಟವೆಂದು ಅವಳಿಗೆ ಗೊತ್ತು.

"ಹದಿಮೂರಕ್ಕೆ ಒಂದು ಅಂತ ಲೆಕ್ಕ ಹಾಕಿದ್ರಿ ಅಲ್ವಾ ಮಿಸ್," ಎಂದಳು. "ಉಳಿದ ಹನ್ನೆರಡರಲ್ಲಿ ನಾನಿದ್ರೆ ಏನು ಅಂತ ಯೋಚ್ನೆ ಮಾಡ್ಲಿಲ್ಲ."

ನಾನು ಡಿಕಾಕ್ಷನ್ ಬಗ್ಗಿಸಿದೆ.

ದೇವದಾನಪ್ಪ ಕಾಫಿ ಲೋಟ ಹಿಡಿದು, ಶರ್ಟಿನ ಜೇಬಿನಿಂದ ಆ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. "ಟೀಚರಮ್ಮ, ನಿಮ್ಮನ್ನ ಬೈಯೋಕೆ ಬಂದಿಲ್ಲ. ಎಲ್ಲರೂ ನಕ್ಕ್ರು, ನನಗೆ ಮಾತ್ರ ನಗು ಬರ್ಲಿಲ್ಲ. ಮಗಳೇ ಸಲೋಮಿ, ನಿನಗೆ ಗೊತ್ತಿಲ್ಲ, ನಾನು ಹುಟ್ಟಿದ್ದು ಯಾರಿಗೋ. ಬೆಳೆದಿದ್ದು ಅನಾಥಾಶ್ರಮದಲ್ಲಿ. ಭಾನುವಾರ ಭಾನುವಾರ ಜನ ಮಕ್ಕಳನ್ನ ನೋಡೋಕೆ ಬರೋರು. ಕೂಸುಗಳನ್ನ ಎತ್ಕೊಂಡು ಹೋಗ್ಬಿಡೋರು. ನಾವು ದೊಡ್ಡ ಹುಡುಗ್ರು ಎಣ್ಣೆ ಹಚ್ಚಿ ತಲೆ ಬಾಚ್ಕೊಂಡು ಗೋಡೆ ಪಕ್ಕ ನಿಂತಿರೋವು. ನಮ್ಮನ್ನ ಯಾರೂ ಕೇಳ್ತಿರ್ಲಿಲ್ಲ. ನನಗೆ ಒಂಬತ್ತು ವರ್ಷ ಆದಾಗ ಒಬ್ಬ ಕಂಪೌಂಡರ್ ಹೆಂಡ್ತಿ ಬಂದ್ಲು, ಎಸ್ತೇರಮ್ಮ ಅಂತ. ನನಗೆ ಕೂಸು ಬೇಡ, ನನ್ನ ಹತ್ರ ಕೂತು ಮಾತಾಡೋ ಮಗ ಬೇಕು ಅಂದ್ಲು. ನಾನು ಅಮ್ಮ ಅನ್ನೋದನ್ನ ಕಲಿತಿದ್ದು ಒಂಬತ್ತನೇ ವಯಸ್ಸಿಗೆ. ಈ ವಚನ ನಮ್ಮಮ್ಮಂದು. ನನ್ನ ಕೈಗೆ ಬಂದಿದ್ದು ಸರಿಯಾಗೇ ಬಂದಿದೆ."

ಕಾರ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಆಮೇಲೆ ಕೇಳಿದರು, "ಅರ್ಜೀಲಿ ಎಷ್ಟು ವರ್ಷದ ಮಗು ಅಂತ ಬರೆದಿದೀಯಮ್ಮ?"

"ಎರಡರೊಳಗೆ ತಾತ."

ಅವರು ತಲೆಯಾಡಿಸಿದರು. ಬುದ್ಧಿ ಹೇಳಲಿಲ್ಲ, ಒತ್ತಾಯ ಮಾಡಲಿಲ್ಲ. ಕಾಫಿ ಮುಗಿಸಿ, ಸಕ್ಕರೆ ಒಂದು ಚೂರು ಕಮ್ಮಿ ಎಂದು ನನಗೆ ಹೇಳಿ ಹೊರಟರು. ಅವರು ಮೆಟ್ಟಿಲಿಳಿದಮೇಲೆ, ಸಂಜೆಯಲ್ಲಿ ಬಾಯಿ ಬಿಡದ ಪ್ರಭುಕುಮಾರ್, "ಬದಲಾಯಿಸೋಣ ಕಣೇ," ಎಂದ. ಸಲೋಮಿ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದು ಸುಲಭದ ಮಾತಾಗಿರಲಿಲ್ಲ. ಅವಳಿಗೆ ಕೂಸು ಬೇಕಿತ್ತು. ಎಣ್ಣೆ ತೀಡಿ ಸ್ನಾನ ಮಾಡಿಸಬೇಕಿತ್ತು, ಎದೆಗವಚಿಕೊಂಡು ಮಲಗಿಸಬೇಕಿತ್ತು. ಹದಿನೈದು ವರ್ಷ ಕಂಡ ಕನಸನ್ನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಬಿಟ್ಟುಬಿಡು ಎಂದರೆ ಆಗುತ್ತದೆಯೇ? ಜನವರಿ ಹೋಯಿತು, ಫೆಬ್ರವರಿ ಹೋಯಿತು. ಈಸ್ಟರಿಗೆ ಮುಂಚೆ ಅವರಿಗೆ ನಲವತ್ತು ದಿನದ ಲೆಂಟ್ ಬರುತ್ತದೆ. ಆ ದಿನಗಳಲ್ಲಿ ಏನಾದರೊಂದು ಇಷ್ಟದ್ದನ್ನು ಬಿಡುತ್ತಾರೆ. ಕೆಲವರು ಮಾಂಸ, ಕೆಲವರು ಕಾಫಿ. "ನೀನೇನು ಬಿಟ್ಟೆ ಈ ಸಲ?" ಎಂದು ಕೇಳಿದೆ. ಅವಳು ಫೋನಿನಲ್ಲಿ ದತ್ತಿನ ಅರ್ಜಿ ತೋರಿಸಿದಳು. ಎರಡು ವರ್ಷ ಎಂದಿದ್ದಲ್ಲಿ ಆರರಿಂದ ಎಂಟು ಎಂದು ತಿದ್ದಿದ್ದಳು. "ತುಂಬಾ ಅತ್ತೆ ಮಿಸ್," ಎಂದಳು. "ಆದ್ರೆ ಆಮೇಲೆ ಹೊಟ್ಟೆ ತಣ್ಣಗಾಯ್ತು. ನಾನೊಬ್ಳೇ ಕಾಯ್ತಿದೀನಿ ಅಂದ್ಕೊಂಡಿದ್ದೆ. ಅಲ್ಲೂ ಯಾವ್ದೋ ಮಗು ತಲೆ ಬಾಚ್ಕೊಂಡು ನಿಂತಿರುತ್ತೆ ಅಲ್ವಾ?" ಅಂದಿನಿಂದ ಅವಳ ಬೆಳಗಿನ ಹಾಡು ಅರ್ಧಕ್ಕೆ ನಿಲ್ಲಲಿಲ್ಲ.

ಜೂನ್ ತಿಂಗಳಲ್ಲಿ ಕರೆ ಬಂತು. ಉತ್ತರ ಕರ್ನಾಟಕದ ಕಡೆಯ ಒಂದು ಊರಿನಲ್ಲಿ ಏಳು ವರ್ಷದ ಹುಡುಗಿ, ಹೆಸರು ಯಮುನಾ. ಒಪ್ಪಿಗೆ ಹೇಳಲು ಕೊಟ್ಟದ್ದು ಎರಡೇ ದಿನ. ಇವರು ಹತ್ತು ನಿಮಿಷದಲ್ಲಿ ಹೇಳಿದರು. ಹೋಗಿ, ನೋಡಿ, ಕಾಗದಪತ್ರ ಮುಗಿಸಿ, ಒಂದು ಶುಕ್ರವಾರ ಬೆಳಿಗ್ಗೆ ಮಗುವನ್ನು ಕರೆದುಕೊಂಡು ಬಂದರು. ನಾನು ಸಕ್ಕರೆ ಪೊಂಗಲ್ ಮಾಡಿ ಬಾಗಿಲಲ್ಲಿ ಕಾದಿದ್ದೆ. ದೇವದಾನಪ್ಪನವರು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದರು. ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು, ದೇವರಿಗೆ ಸ್ತೋತ್ರ ಹೇಳಿದರು. ಪ್ರಾರ್ಥನೆಯ ನಡುವೆ ಕಣ್ಣು ಬಿಟ್ಟವರು ಇಬ್ಬರೇ, ಆ ಹುಡುಗಿ ಮತ್ತು ನಾನು.

ಹುಡುಗಿ ಸಣಕಲು. ಎರಡು ಜಡೆ, ಎದೆಗೆ ಅವಚಿಕೊಂಡ ಒಂದು ಬಟ್ಟೆಯ ಚೀಲ. ಕೊಡು ಎಂದರೆ ಕೊಡಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಪೊಂಗಲ್ ತಿಂದಳು. ತಿಂದ ತಟ್ಟೆಯನ್ನು, ಯಾರೂ ಹೇಳದೆಯೇ, ಚೀಲ ಕಂಕುಳಲ್ಲಿ ಸಿಕ್ಕಿಸಿಕೊಂಡು ತೊಳೆದಿಟ್ಟಳು. ಸಲೋಮಿ ತಡೆಯಲು ಹೋದಳು, ನಾನು ಸನ್ನೆ ಮಾಡಿ ಸುಮ್ಮನಿರಿಸಿದೆ. ಆಮೇಲೆ ಹುಡುಗಿ ಗೋಡೆಗೆ ಒರಗಿ ನಿಂತು, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಕೊನೆಗೆ ಸಲೋಮಿಯನ್ನು ಕೇಳಿದಳು.

"ಇಲ್ಲೆ ಎಷ್ಟ್ ದಿನಾ ಇರಬೇಕ್ರಿ ನಾ?"

ದೇವದಾನಪ್ಪ ಮುಖ ಆ ಕಡೆ ತಿರುಗಿಸಿದರು. ಸಲೋಮಿ ಮಾತ್ರ ಅಳಲಿಲ್ಲ. ನೆಲದ ಮೇಲೆ ಅವಳ ಎದುರಿಗೇ ಕೂತಳು.

"ನಾನು ಮುದುಕಿ ಆಗ್ಬೇಕು," ಎಂದಳು. "ನನ್ನ ಹಲ್ಲೆಲ್ಲಾ ಬಿದ್ದು, ನೀನು ಕೈ ಹಿಡ್ಕೊಂಡು ನನ್ನನ್ನ ರೋಡ್ ದಾಟಿಸ್ಬೇಕು. ಅಷ್ಟು ದಿನ."

ಹುಡುಗಿ ಸಲೋಮಿಯ ಹಲ್ಲುಗಳನ್ನು ಗಮನವಿಟ್ಟು ನೋಡಿದಳು. ಎಲ್ಲವೂ ಗಟ್ಟಿಯಾಗಿದ್ದವು.

"ಭಾಳ ದಿನಾ ಆತಲ್ರಿ," ಎಂದಳು.

"ಹ್ಞೂ. ಜಾಸ್ತೀನೇ."

ಹುಡುಗಿ ಕಂಕುಳಲ್ಲಿದ್ದ ಚೀಲವನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಕೇಳಿದಳು, "ಹಂಗಾರ ಈ ಚೀಲಾ ಎಲ್ಲಿ ಇಡಬೇಕ್ರಿ?"