ಗಾರಿಬಾಲ್ದಿ ಮೂಲೆಯ ಫೋಟೋ

ಮೊಂಟೆವಿಡಿಯೊದಲ್ಲಿ ಟ್ರಾಮ್ ನಿಂತು ಮೂವತ್ತು ವರ್ಷ ಕಳೆದಿದ್ದರೂ ಬಸೀಲಿಯೊನ ಹೊಟ್ಟೆಯುರಿ ನಿಂತಿರಲಿಲ್ಲ. ಟ್ರಾಮಿನಲ್ಲಿ ಹದಿನಾಲ್ಕು ವರ್ಷ ಕಂಡಕ್ಟರ್ ಆಗಿದ್ದವನು ಅವನು. ನೆಲ್ಸನ್ ಪಿಂಟೋಸ್ ಬೇರೊಂದು ಲೈನಿನ ಡ್ರೈವರ್. ಆಗ ಡಿಪೋದಲ್ಲಿ ಡ್ರೈವರುಗಳದ್ದೇ ದರ್ಬಾರು. ಈಗ ಲಾ ಉನಿಯೋನ್ ಬಡಾವಣೆಯ ಲೈಬ್ರರಿಯಲ್ಲೂ ಅದೇ ಕಥೆ.

ಯಾರೋ ಪುಣ್ಯಾತ್ಮರು ಲೈಬ್ರರಿಗೆ ಎರಡು ಪೆಟ್ಟಿಗೆ ಹಳೆಯ ಟ್ರಾಮ್ ಫೋಟೋ ಕೊಟ್ಟಿದ್ದರು. ಒಂದರ ಹಿಂದೆಯೂ ರಸ್ತೆಯ ಹೆಸರಿಲ್ಲ. ಶನಿವಾರ ಬೆಳಿಗ್ಗೆ ಟ್ರಾಮಿನ ಹಳಬರೆಲ್ಲ ಮಾಟೆ ಎಂಬ ಎಲೆಯ ಕಷಾಯ ಹೀರುವ ಸೋರೆಬುರುಡೆ, ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದು ಕೂರುತ್ತಿದ್ದರು. ಜಾಗ ಗುರುತು ಹಿಡಿದವನ ಹೆಸರನ್ನು ಲೈಬ್ರರಿಯ ಮಿರ್ತಾ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ನಲವತ್ತೊಂದು ಫೋಟೋಗಳ ಮೇಲೆ ನೆಲ್ಸನ್ನನ ಹೆಸರಿತ್ತು, ಆರರ ಮೇಲೆ ಬಸೀಲಿಯೊನದು.

"ಈ ಕಂಬ ನೋಡಿ, ಎರಡು ತೋಳಿಂದು. ಮುಂದೆ ಹಳಿ ಎಡಕ್ಕೆ ತಿರುಗತ್ತೆ," ಎಂದು ನೆಲ್ಸನ್ ಶುರು ಮಾಡಿದರೆ ಮುಗಿಯಿತು. ಬೇರೆಯವರು ಕೂದಲೆಳೆಯಷ್ಟು ತಪ್ಪಿದರೂ ಬಿಡುತ್ತಿರಲಿಲ್ಲ. "ಬಸೀಲಿಯೊ, ನೀನು ಟಿಕೆಟ್ ಹರೀತಾ ಜನರ ಮುಖ ನೋಡ್ಕೊಂಡಿದ್ದೋನು. ನಿಂಗೆ ರಸ್ತೆ ಎಲ್ಲಿ ಗೊತ್ತಾಗ್ಬೇಕು ಮಾರಾಯ?"

ಎಲ್ಲರೂ ನಗುತ್ತಿದ್ದರು. ನೆಲ್ಸನ್ನನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಬಸೀಲಿಯೊ ಬೇಕೆಂದೇ ಅವನ ಎಡಕ್ಕೆ ಕೂತು ಬಾಯಿ ತುಂಬ ಬೈದುಕೊಳ್ಳುತ್ತಿದ್ದ. ಮನೆಗೆ ಬಂದು ಹೆಂಡತಿ ಒಫೇಲಿಯಾಳ ಮುಂದೆ ಎಲ್ಲ ಕಕ್ಕುವ ಅವನು ಈ ಕಳ್ಳಸುಖದ, ಆ ಕಿವಿಯ ವಿಷಯವನ್ನು ಮಾತ್ರ ಬಾಯಿಬಿಟ್ಟಿರಲಿಲ್ಲ.

"ಯಾವ ನೆಲ್ಸನ್ನೋ ಏನೋ, ನಾನಂತೂ ಅವನ ಮುಖ ಕಂಡೋಳಲ್ಲ. ಸುಮ್ನೆ ಉಣ್ಣು," ಎನ್ನುತ್ತಿದ್ದಳು ಅವಳು.

ಏಪ್ರಿಲ್‌ನ ಒಂದು ಶನಿವಾರ ಮಿರ್ತಾ ಹೊಸ ಫೋಟೋ ಮೇಜಿನ ಮೇಲಿಟ್ಟಳು. ಟ್ರಾಮಿನ ಮುಂಭಾಗ. 'ಡ್ರೈವರ್ ಜೊತೆ ಮಾತಾಡಬಾರದು' ಎಂಬ ಬೋರ್ಡಿನ ಕೆಳಗೇ ಒಬ್ಬ ಹುಡುಗಿ ಡ್ರೈವರನ ಬಲಕ್ಕೆ ಬಾಗಿ ಮಾತಾಡುತ್ತಿದ್ದಾಳೆ. ಅವನ ಮುಖ ನೆರಳಿನಲ್ಲಿದೆ, ಅವಳದು ಆ ಕಡೆ ತಿರುಗಿದೆ. ಅವಳ ಕೋಟಿನ ತೋಳಿಗೆ ಒಂದು ಗುಂಡಿ ಬೇರೆ ಜಾತಿಯದು, ದೊಡ್ಡದು.

ಬಸೀಲಿಯೊ ಫೋಟೋವನ್ನು ಕಣ್ಣ ಹತ್ತಿರಕ್ಕೆ ತಂದುಕೊಂಡ. ಆ ಗುಂಡಿ ಇಂದಿಗೂ ಒಫೇಲಿಯಾಳ ಹೊಲಿಗೆ ಡಬ್ಬಿಯಲ್ಲಿದೆ.

ಹಿಂದಿನ ಬೇಕರಿ ಗೋಡೆ ನೋಡಿದರೆ ಸಾಕು, ಅದು ಕೊಮೆರ್ಸಿಯೊ ರಸ್ತೆಯ ಮೂಲೆ, ನೆಲ್ಸನ್ನನ ಲೈನು. ಆದರೆ ಎಲ್ಲಕ್ಕೂ ಮೊದಲು ಬಾಯಿ ಹಾಕುವ ನೆಲ್ಸನ್ ಅಂದು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಿದ್ದ.

ಆ ಡ್ರೈವರ್ ಇವನೇ ಇರಬಹುದೇ ಎಂದು ಬಸೀಲಿಯೊಗೆ ಮೈಯೆಲ್ಲ ಉರಿಯಿತು. ಪರೀಕ್ಷೆ ಮಾಡಿಯೇ ಬಿಡೋಣವೆಂದು, "ಗಾರಿಬಾಲ್ದಿ ಮೂಲೆ!" ಎಂದು ಜೋರಾಗಿ ಕೂಗಿದ. ಶುದ್ಧ ಸುಳ್ಳು. ಗಾರಿಬಾಲ್ದಿಯಲ್ಲಿ ಬೇಕರಿಯೇ ಇರಲಿಲ್ಲ. ಬೈಯೋ ನೆಲ್ಸನ್, ಎಲ್ಲರೆದುರು ಮಾನ ತೆಗೆಯೋ, ಎಂದು ಜೀವನದಲ್ಲಿ ಮೊದಲ ಸಲ ಮನಸ್ಸಿನಲ್ಲೇ ಬೇಡಿಕೊಂಡ.

ನೆಲ್ಸನ್ ಫೋಟೋವನ್ನು ಬಹಳ ಹೊತ್ತು ನೋಡಿದ. "ಹೌದು. ಗಾರಿಬಾಲ್ದಿನೇ. ಬಸೀಲಿಯೊ ಸರಿಯಾಗೇ ಹೇಳ್ದ."

"ಅಬ್ಬಾ, ಇವತ್ತು ಹಬ್ಬ ಬಿಡಿ!" ಎಂದು ಮಿರ್ತಾ ನಕ್ಕು ಹೆಸರು ಬರೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನೆಲ್ಸನ್ನೂ ತಟ್ಟಿದ, ಆದರೆ ಬಸೀಲಿಯೊನ ಕಡೆ ನೋಡಲಿಲ್ಲ.

ಮನೆಯಲ್ಲಿ ಒಫೇಲಿಯಾ ಕೆಟಲ್ ಇಳಿಸುತ್ತಿದ್ದಳು. "ಇವತ್ತು ಎಷ್ಟು ಗೆದ್ದೆ?"

"ಒಂದು. ನೆಲ್ಸನ್ನೇ ಒಪ್ಕೊಂಡ. ನಾನು ತಪ್ಪು ಹೇಳಿದ್ರೂ ತಿದ್ದಲಿಲ್ಲ."

"ನೀನು ಎಡಗಡೆ ಕೂತು ಹೇಳಿರ್ತೀಯ. ಆ ಕಿವಿ ಅವನಿಗೆ ಆವಾಗ್ಲೂ ಕೇಳ್ತಿರ್ಲಿಲ್ಲ," ಎನ್ನುತ್ತ ಅವಳು ನಗುತ್ತಲೇ ಮಾಟೆಗೆ ನೀರು ಸುರಿದಳು.