ಮುದ್ದೆ ಒಲ್ಲದ ಮೇಷ್ಟರು

ಊಟದ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೂ ಬಲು ತಕರಾರಿನವನು. ರಾಗಿಮುದ್ದೆಯನ್ನಂತೂ ಮುಟ್ಟುತ್ತಲೇ ಇರಲಿಲ್ಲ. ಐವತ್ತರ ದಶಕದಲ್ಲಿ ಮೈಸೂರಿನ ಕಾಲೇಜೊಂದರಲ್ಲಿ ಮೇಷ್ಟರಾಗಿದ್ದಾಗ, ಜರ್ಮನಿಯಿಂದ ಬಂದ ಅತಿಥಿಯೊಬ್ಬರಿಗೆ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನ ನಮ್ಮ ಕಾಲೇಜಿನ ಜವಾನರೊಬ್ಬರು ಕುಂಬಾರಕೊಪ್ಪಲಿನ ತಮ್ಮ ಮನೆಗೆ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು.

ಅವರ ತಾಯಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಜರ್ಮನಿಯವರು ಜವಾನರನ್ನೇ ನೋಡಿ ಕಲಿತು, ಅಗಿಯದೆ ನುಂಗಿ, ಇನ್ನರ್ಧ ಮುದ್ದೆ ಹಾಕಿಸಿಕೊಂಡರು. ನಾನು ಮಾತ್ರ, “ಹೊಟ್ಟೆ ಸರಿಯಿಲ್ಲ ಕಣಮ್ಮ,” ಎಂದು ಸುಳ್ಳು ಹೇಳಿದೆ.

“ಅಯ್ಯೋ, ಮೊದ್ಲೇ ಏಳ್ಬಾರ್ದಿತ್ತಾ ಸ್ವಾಮಿ?” ಎನ್ನುತ್ತಾ ಆಕೆ ಮತ್ತೆ ಒಲೆ ಹೊತ್ತಿಸಿ ನನಗೊಬ್ಬನಿಗೇ ಗಂಜಿ ಕಾಯಿಸಿದರು.

ಸಂಜೆ ಅತಿಥಿಯನ್ನು ಬೀಳ್ಕೊಟ್ಟು, ಹಸಿವು ತಾಳಲಾರದೆ ಸರಸ್ವತಿಪುರಂನ ನನ್ನ ರೂಮಿನ ಪಕ್ಕದ ಹೋಟೆಲಿನಲ್ಲಿ ಎರಡನೆಯ ಮಸಾಲೆದೋಸೆಗೆ ಕೈಹಾಕಿದ್ದೆ. ಜವಾನರು ಎದುರಿಗೆ ಬಂದು ನಿಂತರು. ಕೈಯಲ್ಲಿ ಓಮದ ಕಷಾಯದ ಸೀಸೆ.

“ಅವ್ವ ಕೊಟ್ಟು ಕಳಿಸ್ತು ಸಾರ್. ರೂಮಲ್ಲಿರ್ಲಿಲ್ಲ, ಅದ್ಕೇ ಇಲ್ಲಿಗೆ ಬಂದೆ.”

ಅವರು ನನ್ನ ತಟ್ಟೆ ನೋಡಿದರು. ಸೀಸೆಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ, “ನಾನು ಅವ್ವಂಗೇನೂ ಏಳಾಕಿಲ್ಲ ಬುಡಿ,” ಎಂದರು.

ಮುಂದಿನ ಭಾನುವಾರ ಆಕೆಗೆ ನಿಜ ಹೇಳಲೆಂದೇ ಹೊರಟೆ. ಅವರ ಬೀದಿಯ ತಿರುವಿನವರೆಗೆ ಹೋಗಿ, ಮುಖ ತೋರಿಸಲಾರದೆ ಹಿಂತಿರುಗಿದೆ.